ಫುಲ್ ಟವರ್ ತೋರಿಸಿದರೂ ನೆಟ್ ಏಕೆ ಬರುವುದಿಲ್ಲ?

ಗುಬ್ಬಿ, ತುರುವೇಕೆರೆ, ತಿಪಟೂರು ಸೀಮೆಯ ತೋಟದ ಮನೆಗಳಲ್ಲಿ ಸಿಗ್ನಲ್ಲೇ ಇಲ್ಲವೆಂಬ ದೂರು ಬಹುಮಟ್ಟಿಗೆ ಹಳೆಯದಾಯಿತು. ಈಗ ಕೇಳಿಬರುವುದು "ಟವರ್ ಫುಲ್ ತೋರಿಸ್ತೈತೆ, ನೆಟ್ ಮಾತ್ರ ಸುತ್ತುತ್ಲೇ ಇರ್ತೈತೆ" ಎಂಬ ಮಾತು. ಹರಾಜಿನ ದಿನ ಕೊಬ್ಬರಿ ದರ ನೋಡಲು ಕುಳಿತವರೂ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬುವವರೂ ಇದನ್ನೇ ಹೇಳುತ್ತಾರೆ. ಗ್ರಾಮಸಭೆಯಲ್ಲಿ ಇದಕ್ಕೆ ಸಿದ್ಧವಾಗಿರುವ ಪರಿಹಾರ ಒಂದೇ: ಇನ್ನೊಂದು ಟವರ್ ಹಾಕಿಸಿ. ಟವರ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಈಗಿರುವ ಟವರಿನ ಹಿಂದೆ ಏನಿದೆ ಎಂದು ಕೇಳದೆ ಹೊಸ ಟವರಿಗೆ ಅರ್ಜಿ ಹಾಕುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಆ ಕಡ್ಡಿಗಳ ವಿಚಾರ. 4ಜಿ ಟವರ್ ತನ್ನ ಇರುವಿಕೆಯನ್ನು ಸಾರಲು ಒಂದು ಗುರುತಿನ ಸಿಗ್ನಲ್ಲನ್ನು ಸದಾ ಬಿತ್ತರಿಸುತ್ತಿರುತ್ತದೆ. ಅದು ಎಷ್ಟು ಬಲವಾಗಿ ತಲುಪಿದೆ ಎಂಬುದನ್ನೇ ಫೋನು ಮುಖ್ಯವಾಗಿ ಕಡ್ಡಿಗಳಲ್ಲಿ ತೋರಿಸುತ್ತದೆ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ನಿಯಮವಿಲ್ಲದ ಕಾರಣ, ಒಂದೇ ಜಗುಲಿಯ ಮೇಲಿಟ್ಟ ಎರಡು ಫೋನುಗಳು ಎರಡು ಲೆಕ್ಕ ತೋರಿಸುವುದುಂಟು. ನಿಜವಾದ ಅಂಕಿ ಬೇಕಿದ್ದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗಿನ 'ಸಿಮ್ ಸ್ಟೇಟಸ್' ತೆರೆದು ನೋಡಬಹುದು. ಅಲ್ಲಿ ಮೈನಸ್ 85 ಡಿಬಿಎಂ (ಸಿಗ್ನಲ್ ಬಲದ ಅಳತೆ) ಎಂದಿದ್ದರೆ ಸಿಗ್ನಲ್ ಚೆನ್ನಾಗಿದೆ, ಮೈನಸ್ 115 ಎಂದಿದ್ದರೆ ತೀರಾ ಸೊರಗಿದೆ. ಮೂವತ್ತರ ಅಂತರವಷ್ಟೇ ಎನ್ನಬೇಡಿ, ಬಲದ ಲೆಕ್ಕದಲ್ಲಿ ಅದು ಸಾವಿರ ಪಟ್ಟು. ಅಷ್ಟಾದರೂ ಅದೇ ಹೊತ್ತಿನಲ್ಲಿ ಎಷ್ಟು ಜನ ಆ ಟವರನ್ನು ಬಳಸುತ್ತಿದ್ದಾರೆಂಬುದನ್ನು ಕಡ್ಡಿಯೂ ಹೇಳುವುದಿಲ್ಲ, ಈ ಅಂಕಿಯೂ ಹೇಳುವುದಿಲ್ಲ.

ನಿಜವಾದ ಹಂಚಿಕೆ ನಡೆಯುವುದು ಟವರಿನ ಬುಡದಲ್ಲಿರುವ ಯಂತ್ರದೊಳಗೆ. 4ಜಿಯಲ್ಲಿ ಕಂಪನಿಯ ಪಾಲಿನ ತರಂಗಾಂತರವನ್ನು 15 ಕಿಲೋಹರ್ಟ್ಜ್‌ನ ಸಣ್ಣ ಎಳೆಗಳಾಗಿ ಸೀಳಿ, 12 ಎಳೆಗಳನ್ನು ಸೇರಿಸಿ ಒಂದೊಂದು ಕಟ್ಟು ಮಾಡುತ್ತಾರೆ. 20 ಮೆಗಾಹರ್ಟ್ಜ್ ಅಗಲವಿದ್ದರೆ ಇಂತಹ 100 ಕಟ್ಟುಗಳು. ನಮ್ಮ ಕೆರೆಗಳಲ್ಲಿ ನೀರು ನಿಲ್ಲುತ್ತಿದ್ದ ಕಾಲಕ್ಕೆ ನೀರುಗಂಟಿ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ತೀರ್ಮಾನಿಸುತ್ತಿದ್ದನಲ್ಲ, ಶೆಡ್ಯೂಲರ್ ಎಂಬ ತಂತ್ರಾಂಶ ಆ ತೀರ್ಮಾನವನ್ನು ಸೆಕೆಂಡಿಗೆ ಸಾವಿರ ಸಲ ಮಾಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ತನಗೆ ಎಷ್ಟು ಸ್ವಚ್ಛವಾಗಿ ಕೇಳಿಸುತ್ತಿದೆ ಎಂದು ಪ್ರತಿ ಫೋನೂ ಆಗಾಗ ವರದಿ ಒಪ್ಪಿಸುತ್ತಿರುತ್ತದೆ. ಹತ್ತಿರದಲ್ಲಿದ್ದು ಚೆನ್ನಾಗಿ ಕೇಳಿಸುವ ಫೋನಿಗೆ ಒಂದೊಂದು ಸಂಕೇತದಲ್ಲಿ 8 ಬಿಟ್‌ಗಳವರೆಗೆ ತುಂಬಿ ಕಳಿಸಬಹುದು, ದೂರದ ತೋಟದ ಮೂಲೆಯಲ್ಲಿರುವ ಫೋನಿಗೆ 2 ಬಿಟ್ ಮಾತ್ರ. ಹಾಗಾಗಿ ಅದೇ ವೀಡಿಯೊ ನೋಡಲು ದೂರದವನಿಗೆ ಹತ್ತಿರದವನಿಗಿಂತ ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಟ್ಟುಗಳು ಬೇಕಾಗುತ್ತವೆ, ಮತ್ತು ಅವು ಉಳಿದವರ ಪಾಲಿನಿಂದಲೇ ಹೋಗುತ್ತವೆ.

ಎರಡು ಆಂಟೆನಾಗಳ ಸಾಮಾನ್ಯ ವ್ಯವಸ್ಥೆಯಲ್ಲಿ 20 ಮೆಗಾಹರ್ಟ್ಜ್‌ನಿಂದ ಸಿಗುವ ಗರಿಷ್ಠ ವೇಗ ಕಾಗದದ ಮೇಲೆ ಸುಮಾರು 150ರಿಂದ 200 ಎಂಬಿಪಿಎಸ್. ಟವರಿನ ಒಂದು ದಿಕ್ಕಿಗಿರುವ ಎಲ್ಲ ಮನೆಗಳಿಗೂ ಸೇರಿ ಇಷ್ಟೇ. ರಾತ್ರಿ ಊಟವಾದ ಮೇಲೆ ಊರಿಗೆ ಊರೇ ಕ್ರಿಕೆಟ್ ನೋಡಲು ಕುಳಿತರೆ ಒಬ್ಬೊಬ್ಬರಿಗೆ ಏನು ಉಳಿದೀತು? ಆ ಹೊತ್ತಿನಲ್ಲೂ ಕಾಲ್ ಮಾತ್ರ ಸರಾಗವಾಗಿ ಹೋಗುತ್ತದೆ, ಏಕೆಂದರೆ ಮಾತಿಗೆ ಬೇಕಾಗುವುದು ಕೆಲವೇ ಹತ್ತಾರು ಕೆಬಿಪಿಎಸ್ (ಒಂದು ಕೆಬಿಪಿಎಸ್ ಎಂದರೆ ಎಂಬಿಪಿಎಸ್‌ನ ಸಾವಿರದಲ್ಲೊಂದು ಪಾಲು), ಮತ್ತು ಅದನ್ನು ಮುಂದೆ ಬಿಡುವ ಆದ್ಯತೆ ವ್ಯವಸ್ಥೆಯಲ್ಲೇ ಇದೆ.

ಇನ್ನು ನಮ್ಮ ತೆಂಗಿನ ವಿಷಯ. ತರಂಗಾಂತರ ಮೇಲೇರಿದಷ್ಟೂ ಗೋಡೆ ಮತ್ತು ಹಸಿರೆಲೆಗಳನ್ನು ದಾಟುವುದು ಅದಕ್ಕೆ ಕಷ್ಟ, ಗರಿಯಲ್ಲಿರುವ ನೀರಿನಂಶವೇ ಬಲವನ್ನು ಹೀರುತ್ತದೆ. 2022ರ ಅಕ್ಟೋಬರ್ 1ರಂದು ಭಾರತದಲ್ಲಿ 5ಜಿ ಆರಂಭವಾದಾಗ ಅದಕ್ಕೆ ಮುಖ್ಯ ಆಧಾರವಾದದ್ದು 3300 ಮೆಗಾಹರ್ಟ್ಜ್ ಪಟ್ಟಿ. 4ಜಿಗೆ ಬಳಸುವ 850 ಮೆಗಾಹರ್ಟ್ಜ್‌ಗಿಂತ ಇದು ಸುಮಾರು ನಾಲ್ಕು ಪಟ್ಟು ಮೇಲಿದೆ. ಹೆದ್ದಾರಿ ಬದಿಯಲ್ಲಿ ಮೆರೆಯುವ 5ಜಿ, ತೋಟದೊಳಗೆ ನಾಲ್ಕು ಹೆಜ್ಜೆ ಇಟ್ಟೊಡನೆ 4ಜಿಗೆ ಇಳಿಯುವುದರಲ್ಲಿ ಸೋಜಿಗವೇನಿಲ್ಲ. ಇದಕ್ಕೆ ಫೋನಿನ ದನಿಯ ಮಿತಿಯೂ ಸೇರಿಕೊಳ್ಳುತ್ತದೆ: ಟವರ್ ಹತ್ತಾರು ವಾಟ್‌ಗಳಲ್ಲಿ ಕೂಗಿದರೆ, 4ಜಿ ಫೋನು ತಿರುಗಿ ಕೂಗಲಾಗುವುದು ಸಾಮಾನ್ಯವಾಗಿ 0.2 ವಾಟ್‌ನಲ್ಲಿ ಮಾತ್ರ. ಟವರಿನ ಮಾತು ಫೋನಿಗೆ ಕೇಳಿಸಿ, ಫೋನಿನ ಮಾತು ಟವರಿಗೆ ಕೇಳಿಸದ ಜಾಗಗಳು ಪ್ರತಿ ಊರಿನಲ್ಲೂ ಇವೆ.

ಇಷ್ಟೆಲ್ಲ ಆಕಾಶದ ಮಾತಾಯಿತು. ನನ್ನ ತಕರಾರು ಇರುವುದು ನೆಲದ ಮೇಲಿನ ದಾರಿಯ ಬಗ್ಗೆ. ನಿಮ್ಮೂರಿನ ಟವರನ್ನೊಮ್ಮೆ ಕತ್ತೆತ್ತಿ ನೋಡಿ. ಉದ್ದನೆಯ ಕಿರಿದಾದ ಪೆಟ್ಟಿಗೆಗಳು ಫೋನುಗಳೊಡನೆ ಮಾತನಾಡುವ ಆಂಟೆನಾಗಳು. ದುಂಡನೆಯ ಬಿಳಿ ಡಿಶ್‌ಗಳು ಇನ್ನೊಂದು ಟವರಿಗೆ ನೇರ ಗುರಿಯಿಟ್ಟ ಮೈಕ್ರೋವೇವ್ ಕೊಂಡಿಗಳು. ಕೇಬಲ್ ಬಾರದ ಕಡೆ ಒಂದು ಟವರ್ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾಟಿಸುತ್ತಾ ಕೊನೆಗೆ ಫೈಬರ್ ಇರುವಲ್ಲಿಗೆ ತಲುಪಿಸುತ್ತವೆ, ಮತ್ತು ಆ ಸರಪಳಿಯಲ್ಲಿ ಫೈಬರಿಗೆ ಹತ್ತಿರದ ಕೊಂಡಿ ಹಿಂದಿನ ಎಲ್ಲ ಊರುಗಳ ಭಾರವನ್ನೂ ಹೊರಬೇಕಾಗುತ್ತದೆ. ಜೋರು ಮಳೆ ಹಿಡಿದರೆ ಅದೂ ಕುಗ್ಗುತ್ತದೆ. ಇದೇ ಸರಪಳಿಗೆ ಹೊಸ ಟವರೊಂದನ್ನು ನೇತುಹಾಕಿದರೆ ಕಡ್ಡಿಗಳು ಏರುತ್ತವೆ, ಕೊಬ್ಬರಿ ದರದ ಪುಟ ಸುತ್ತುತ್ತಲೇ ಇರುತ್ತದೆ. ಎಲ್ಲರೂ ಮಲಗಿರುವ ಬೆಳಗಿನ ಜಾವ ನಾಲ್ಕಕ್ಕೂ, ರಾತ್ರಿ ಎಂಟಕ್ಕೂ ಒಂದೇ ಜಾಗದಲ್ಲಿ ವೇಗ ಅಳೆದು ನೋಡಿ. ಜಾವದಲ್ಲಿ ಚೆನ್ನಾಗಿದ್ದು ರಾತ್ರಿ ಕುಸಿದರೆ ಅದು ದಟ್ಟಣೆ. ಸಿಗ್ನಲ್ ಬಲವಾಗಿದ್ದೂ ಎರಡೂ ಹೊತ್ತಿನಲ್ಲಿ ಅದೇ ಗತಿಯಾದರೆ ಹಿಂದಿನ ಕೊಂಡಿಯನ್ನು ಅನುಮಾನಿಸಲು ಕಾರಣವಿದೆ.

ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿದ್ದು, ಅದನ್ನೇ ಈಗ ಭಾರತ್‌ನೆಟ್ ಎನ್ನುತ್ತಾರೆ. ಬಳಕೆಯಾಗದ ಎಳೆಗಳನ್ನು ಮೊಬೈಲ್ ಕಂಪನಿಗಳಿಗೆ ಬಾಡಿಗೆಗೆ ಕೊಡಲು ಅದರಲ್ಲಿ ಅವಕಾಶವಿದೆ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗ ಇರಬೇಕು. ಹೀಗಿರುವಾಗ ಮುಂದಿನ ಗ್ರಾಮಸಭೆಯ ಠರಾವಿನಲ್ಲಿ "ಟವರ್ ಬೇಕು" ಎಂಬ ಒಂದು ಸಾಲಿನ ಬದಲು ಮೂರು ಪ್ರಶ್ನೆಗಳನ್ನು ಬರೆಸೋಣ: ಈ ಟವರಿಗೆ ಫೈಬರ್ ಬಂದಿದೆಯೇ, ರಾತ್ರಿ ಎಂಟರ ಹೊತ್ತಿಗೆ ಇಲ್ಲಿ 2 ಎಂಬಿಪಿಎಸ್ ಸಿಗುತ್ತದೆಯೇ, ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆ. ಉತ್ತರವನ್ನು ಕಂಪನಿಯವರು ಬಾಯಿಮಾತಿನಲ್ಲಿ ಹೇಳಿ ಹೋಗದೆ ಬರವಣಿಗೆಯಲ್ಲೇ ಕೊಡಬೇಕು.