ಪುಟಾಣಿ ಹಿಟ್ಟಿಲ್ಲದ ಗಿರಮಿಟ್ಟು

ತಿಂಡಿಗಳ ಪೈಕಿ, ಮಂಡಕ್ಕಿಗೆ ಗೊಜ್ಜು ಕಲಸಿ ಕೊಡುವ ಉತ್ತರ ಕರ್ನಾಟಕದ ಗಿರಮಿಟ್ಟಿನಷ್ಟು ಅಲ್ಪಾಯುಷಿ ಇನ್ನೊಂದಿರಲಾರದು. ಬೆಳಗಿನ ಇಡ್ಲಿ ಸಂಜೆಯವರೆಗೂ ಇಡ್ಲಿಯಾಗಿಯೇ ಇರುತ್ತದೆ. ಉಳಿದರೆ ಪುಡಿಮಾಡಿ ಒಗ್ಗರಣೆ ಹಾಕಿ ಉಪ್ಪಿಟ್ಟೆಂದು ಮನೆಯವರಿಗೆ ದಾಟಿಸಬಹುದು. ಧಾರವಾಡದ ಪೇಡೆಯನ್ನಂತೂ ಪೊಟ್ಟಣ ಕಟ್ಟಿ ದೂರದೂರದ ನೆಂಟರಿಗೆ ರೈಲಿನಲ್ಲಿ ಕಳುಹಿಸುತ್ತಾರೆ. ಗಿರಮಿಟ್ಟಿಗೆ ಆ ಭಾಗ್ಯವಿಲ್ಲ. ಕಲಸಿದ ಗಳಿಗೆಯಿಂದಲೇ ಅದು ಇಳಿಯತೊಡಗುತ್ತದೆ. ಮೊದಲ ತುತ್ತು ಹಲ್ಲಿನಡಿ ಸದ್ದು ಮಾಡುತ್ತದೆ, ನಡುವಿನ ತುತ್ತು ಅರ್ಧ ಸದ್ದು ಅರ್ಧ ಮೌನ, ಮಾತಿಗೆ ಕುಳಿತವನ ಕೊನೆಯ ತುತ್ತು ಬರೀ ಮುದ್ದೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಹೊತ್ತು ಗಾಡಿಯ ಮುಂದೆ ನಿಂತು ತಿನ್ನುವವರು ಮೊಬೈಲು ಕಿರುಚಿದರೂ ಎತ್ತದೆ ತಟ್ಟೆಯ ಮೇಲೆ ತಲೆ ಬಗ್ಗಿಸಿರುವುದಕ್ಕೆ ಹಸಿವೊಂದೇ ಕಾರಣವಲ್ಲ.

ಇಂಥ ತಿಂಡಿಯನ್ನು ನಿಧಾನವಾಗಿ ಕುಳಿತು, ಮಾತಾಡಿ, ಫೋಟೊ ತೆಗೆದು ತಿನ್ನುವುದಕ್ಕೆಂದೇ ಕಟ್ಟಿದ ಜಾಗದಲ್ಲಿ ಬಡಿಸುತ್ತಾರೆಂದರೆ ನನಗೆ ಕುತೂಹಲವಾಗದೆ ಇರುತ್ತದೆಯೇ? ದಕ್ಷಿಣ ಬೆಂಗಳೂರಿನಲ್ಲಿ ಹೊಸದಾಗಿ ಬಾಗಿಲು ತೆರೆದ ಒಂದು ರೆಸ್ಟೋರೆಂಟು ಉತ್ತರ ಕರ್ನಾಟಕದ ಬೀದಿ ತಿಂಡಿಗಳಿಗೆ ಹೊಸ ಅವತಾರ ಕೊಡುತ್ತಿದೆಯೆಂದು ಕೇಳಿ, ಚುರುಮುರಿಯೆಂದರೆ ತುರಿದ ಕ್ಯಾರೆಟ್ಟು ಬೆರೆತ ಕಡ್ಲೆಪುರಿ ಎಂದಷ್ಟೇ ಬಲ್ಲ ಮೈಸೂರಿನ ಸ್ನೇಹಿತರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ. ಗೋಡೆಯ ಮೇಲೆ ಇಳಕಲ್ ಸೀರೆಯ ಸೆರಗು, ಮೇಜಿನ ಮೇಲೆ ಮಣ್ಣಿನ ಲೋಟ, ಮೆನುವಿನಲ್ಲಿ ‘ಗಿರಮಿಟ್ ಬೌಲ್’ ಎದುರಿಗೆ 260 ರೂಪಾಯಿ. ಬೆಲೆಯ ಬಗ್ಗೆ ನನ್ನ ತಕರಾರಿಲ್ಲ. ಬೆಂಗಳೂರಿನ ಬಾಡಿಗೆಯನ್ನೂ ಎಸಿಯ ಕರೆಂಟು ಬಿಲ್ಲನ್ನೂ ಮಂಡಕ್ಕಿಯೇ ಹೊರಬೇಕಾದಾಗ, ಎಷ್ಟೆಂದರೂ ಹಗುರವಾದ ಆ ಪದಾರ್ಥ ಒಂದಷ್ಟು ಭಾರವಾಗಲೇಬೇಕು.

ಹೊಸ ಅವತಾರದ ವಿಚಾರಕ್ಕೆ ಬರುವ ಮೊದಲು ಹಳೆಯದು ಹೇಗಿರುತ್ತದೆಂದು ಹೇಳಬೇಕು. ಗಾಡಿಯವನು ಮಧ್ಯಾಹ್ನವೇ ಬಾಣಲೆಯಲ್ಲಿ ಧಾರಾಳವಾಗಿ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವು ಸಿಡಿಸಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಮೆತ್ತಗಾಗುವ ತನಕ ಬಾಡಿಸಿ, ಅರಿಸಿನ, ಹಸಿಮೆಣಸಿನಕಾಯಿ, ಟೊಮೆಟೊ ಸೇರಿಸಿ, ಹುಣಸೆರಸವನ್ನೂ ಬೆಲ್ಲವನ್ನೂ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿ ಒಂದು ಗೊಜ್ಜು ಮಾಡಿಟ್ಟುಕೊಂಡಿರುತ್ತಾನೆ. ಗಿರಾಕಿ ಬಂದಾಗ ಅಗಲವಾದ ಪಾತ್ರೆಗೆ ಬೊಗಸೆ ಬೊಗಸೆ ಮಂಡಕ್ಕಿ ಸುರಿದು, ಆ ಗೊಜ್ಜಿನಲ್ಲಿ ಒಂದೆರಡು ಸೌಟು ಹಾಕಿ, ಮೇಲೆ ಪುಟಾಣಿ ಹಿಟ್ಟನ್ನು ಉದುರಿಸಿ, ಪಾತ್ರೆಯನ್ನು ಎಡಗೈಯಲ್ಲಿ ತಿರುಗಿಸುತ್ತ ಬಲಗೈಯಲ್ಲಿ ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸುತ್ತಾನೆ. ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಬರುವುದು ಆಮೇಲೆ, ತಟ್ಟೆಗೆ ಬಿದ್ದ ಮೇಲೆ. ಪಕ್ಕಕ್ಕೆ ಬಿಸಿ ಮಿರ್ಚಿ. ಮುಗಿಸಿದ ಮೇಲೆ ಚಹಾ.

ನೋಡುವವರಿಗೆ ಇದು ಕೈಗೆ ಸಿಕ್ಕಿದ್ದನ್ನೆಲ್ಲ ಎರಚಿ ಕಲಸಿದ ಹಾಗೆ ಕಾಣುತ್ತದೆ. ಆದರೆ ಅದರಲ್ಲಿ ಕೆಲಸವಿಲ್ಲದೆ ಕುಳಿತ ಪದಾರ್ಥ ಒಂದೂ ಇಲ್ಲ. ಉಳ್ಳಾಗಡ್ಡಿ ಹೆಚ್ಚಿದ ಮೇಲೆ ನೀರು ಬಿಡುತ್ತದೆ. ಆದ್ದರಿಂದ ಅದು ಕೊನೆಗೆ, ಮೇಲ್ಗಡೆ. ಸೇವು ಎಣ್ಣೆಯಲ್ಲಿ ಕರಿದದ್ದು. ಮಂಡಕ್ಕಿ ಮೆತ್ತಗಾಗತೊಡಗಿದ ಮೇಲೂ ಸ್ವಲ್ಪ ಹೊತ್ತು ಗರಿಯಾಗಿ ಉಳಿದು ಬಾಯಿಗೆ ಮೋಸವಾಗದಂತೆ ನೋಡಿಕೊಳ್ಳುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕೆಲಸ ಪುಟಾಣಿ ಹಿಟ್ಟಿನದು. ಹುರಿಗಡಲೆಯನ್ನು ನುಣ್ಣಗೆ ಬೀಸಿದ ಈ ಹಿಟ್ಟು ಒಣಕಲು ಸ್ವಭಾವದ್ದು. ಕಂಡ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಗೊಜ್ಜಿನ ನೀರಿನಂಶ ಮಂಡಕ್ಕಿಯ ಒಳಗಿಳಿಯುವ ಮೊದಲೇ ಅದನ್ನು ತಡೆದು, ತಾನೇ ಗೊಜ್ಜಿನೊಂದಿಗೆ ಸೇರಿ ಕಾಳುಕಾಳಿಗೂ ತೆಳ್ಳಗೆ ಮೆತ್ತಿಕೊಳ್ಳುತ್ತದೆ. ಗಿರಮಿಟ್ಟಿಗೆ ಇರುವ ಕೆಲವೇ ನಿಮಿಷಗಳ ಆಯುಷ್ಯವನ್ನು ಇನ್ನಷ್ಟು ಎಳೆಯುವುದು ಈ ಹಿಟ್ಟೇ. ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಕಡೆ ಮಂಡಕ್ಕಿಯನ್ನು ನೀರಿನಲ್ಲೇ ಅದ್ದಿ ಹಿಂಡಿ ಒಗ್ಗರಣೆ ಮಾಡುತ್ತಾರೆ. ಗರಿಗರಿಯ ಆಸೆಯನ್ನು ಮೊದಲೇ ಬಿಟ್ಟ ಅವರೂ ಪುಟಾಣಿ ಹಿಟ್ಟನ್ನು ಬಿಡುವುದಿಲ್ಲ. ಅದು ಇಲ್ಲದಿದ್ದರೆ ಒದ್ದೆ ಮಂಡಕ್ಕಿ ಉದುರುದುರಾಗುವುದಿಲ್ಲ.

ಮಂಡಕ್ಕಿಯ ಕಥೆಯೂ ಸಣ್ಣದಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದೇ ಒಂದು ಬಡಾವಣೆಯಿದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಮತ್ತೆ ಹದವಾಗಿ ಕಾಯಿಸಿ, ಕೊನೆಗೆ ಸುಮಾರು 250 ಡಿಗ್ರಿಯಷ್ಟು ಕಾದ ಮರಳಿಗೆ ಸುರಿದರೆ ಕೆಲವೇ ಕ್ಷಣಗಳಲ್ಲಿ ಅಕ್ಕಿಯ ಒಳಗಿದ್ದ ಚೂರು ತೇವ ಹಬೆಯಾಗಿ ಕಾಳನ್ನು ಉಬ್ಬಿಸಿಬಿಡುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಇಷ್ಟೆಲ್ಲ ಬೆಂಕಿ ಕಂಡು ತನ್ನೊಳಗಿನ ನೀರನ್ನು ಕಳೆದುಕೊಂಡ ಕಾಳು, ಸಿಕ್ಕಿದ ಮೊದಲ ಹನಿಗೇ ಬಾಯಿ ಬಿಡುವುದರಲ್ಲಿ ಆಶ್ಚರ್ಯವೇನಿದೆ?

ರೆಸ್ಟೋರೆಂಟಿನವರಿಗೆ ಇದರಲ್ಲಿ ಅರ್ಧ ಅರ್ಥವಾಗಿದೆ ಎಂಬುದು ತಟ್ಟೆ ಬಂದ ಕೂಡಲೇ ತಿಳಿಯಿತು. ಅವರು ಗಿರಮಿಟ್ಟನ್ನು ಕಲಸಿ ತರಲಿಲ್ಲ. ಅಗಲವಾದ ಕಂಚಿನ ಬಟ್ಟಲಲ್ಲಿ ಒಣ ಮಂಡಕ್ಕಿ, ಗಾಜಿನ ಪುಟ್ಟ ಹೂಜಿಯಲ್ಲಿ ಬೆಚ್ಚಗಿನ ಗೊಜ್ಜು, ಮರದ ಹಲಗೆಯ ಮೇಲೆ ಉಳಿದ ಸಾಮಗ್ರಿಗಳ ಪುಟ್ಟ ಪುಟ್ಟ ಕುಪ್ಪೆಗಳು. ಬಡಿಸುವ ಹುಡುಗ ನಮ್ಮ ಕಣ್ಣೆದುರಿಗೇ ಗೊಜ್ಜು ಹೊಯ್ದು ಎರಡು ಮರದ ಚಮಚಗಳಿಂದ ಕಲಸಿ ಕೊಟ್ಟ. ಸ್ನೇಹಿತರು ಇದನ್ನು ನಾಟಕವೆಂದು ನಕ್ಕರು. ನನಗೆ ಹಾಗನ್ನಿಸಲಿಲ್ಲ. ಅಡುಗೆಮನೆಯಲ್ಲಿ ಕಲಸಿ, ಬೇರೆ ಮೇಜುಗಳ ಆರ್ಡರು ಕೂಡಿಕೊಳ್ಳುವ ತನಕ ಕಾಯಿಸಿ, ಆಮೇಲೆ ಮೆರವಣಿಗೆಯಲ್ಲಿ ತಂದಿದ್ದರೆ ನಮಗೆ ಸಿಗುತ್ತಿದ್ದದ್ದು ಗಿರಮಿಟ್ಟಿನ ಶವ. ಗಾಡಿಗೂ ಗಿರಾಕಿಗೂ ನಡುವೆ ಇರುವ ಒಂದು ಮೊಳದ ಅಂತರವನ್ನು ಅವರು ಮೇಜಿನ ಮೇಲೆ ಮತ್ತೆ ಕಟ್ಟಿಕೊಂಡಿದ್ದರು. ಹುಡುಗನ ಚಮಚಗಳು ಕೆಳಗಿನಿಂದ ಮೇಲಕ್ಕೆ ಎತ್ತುವುದನ್ನು ಕಲಿತಿರಲಿಲ್ಲವೆಂಬುದೊಂದೇ ಕೊರತೆ.

ಮಂಡಕ್ಕಿಯ ಜೊತೆ ಜೋಳದ ಅರಳನ್ನೂ ಬೆರೆಸಿದ್ದರು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಂದಿನಿಂದ ಬೆಂಗಳೂರಿನ ಮೆನುಗಳಲ್ಲಿ ನವಣೆ, ಸಾಮೆಗಳು ನುಗ್ಗದ ತಿಂಡಿಯಿಲ್ಲ. ಅವುಗಳಲ್ಲಿ ಎಷ್ಟೋ ತಿಂಡಿಗಳು ಧಾನ್ಯದ ಹೆಸರಿಗೆ ಗೌರವ ತಂದವೇ ಹೊರತು ನಾಲಿಗೆಗೆ ಸುಖ ಕೊಡಲಿಲ್ಲ. ಇಲ್ಲಿನ ಅರಳು ಹಾಗಲ್ಲ. ನಮ್ಮ ಕಡೆ ನಾಗರಪಂಚಮಿ ಬಂತೆಂದರೆ ಉಂಡಿಗಳ ಜೊತೆಗೆ ಜೋಳದ ಅಳ್ಳು ಹುರಿಯುವುದು ರೂಢಿ. ಹಬ್ಬದ ಮರುದಿನ ಉಳಿದ ಅಳ್ಳಿಗೆ ಒಗ್ಗರಣೆ ಹಾಕಿ ಮೆಲ್ಲುವುದೂ ಇದೆ. ಅದೇ ಮಣ್ಣಿನ, ಅದೇ ಬಾಣಲೆಯ ನೆಂಟನನ್ನು ಮಂಡಕ್ಕಿಯ ಪಕ್ಕದಲ್ಲಿ ಕೂರಿಸಿದವನು ಬುದ್ಧಿವಂತ. ಬಾಯಿಯಲ್ಲಿ ಮಂಡಕ್ಕಿ ಸೋತ ಮೇಲೂ ಅರಳು ತನ್ನ ಒರಟುತನವನ್ನು ಬಿಟ್ಟುಕೊಡುವುದಿಲ್ಲ, ಜೋಳದ ಸುಟ್ಟ ವಾಸನೆ ಬೆಲ್ಲದ ಗೊಜ್ಜಿನೊಂದಿಗೆ ಚೆನ್ನಾಗಿ ಹೊಂದುತ್ತದೆ. ಹುಬ್ಬಳ್ಳಿಯ ಗಾಡಿಗಳಿಗೆ ಇದು ಯಾಕೆ ಹೊಳೆಯಲಿಲ್ಲವೋ!

ಮಿರ್ಚಿಯ ಬಗ್ಗೆ ಇಷ್ಟು ಉದಾರವಾಗಿ ಮಾತಾಡಲಾರೆ. ಮಿರ್ಚಿಗೆ ಬಳಸುವ ಉದ್ದನೆಯ ತಿಳಿಹಸಿರು ಮೆಣಸಿನಕಾಯಿ ಸ್ವತಃ ಸಾಧು ಪ್ರಾಣಿ. ಅದನ್ನು ಸೀಳಿ ಒಳಗೆ ಉಪ್ಪು ಜೀರಿಗೆ ಸವರಿ, ಓಮ ಹಾಕಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದಾಗ, ಒಣ ಗಿರಮಿಟ್ಟಿನ ಪಕ್ಕದಲ್ಲಿ ಅದೊಂದೇ ಬಿಸಿಯೂ ಮೆತ್ತಗೂ ಇರುವ ವಸ್ತು. ಒಂದು ತುತ್ತು ಅದು, ಒಂದು ತುತ್ತು ಇದು ಎಂಬ ಲೆಕ್ಕದಲ್ಲಿ ಎರಡೂ ಒಟ್ಟಿಗೆ ಮುಗಿಯಬೇಕು. ಇಲ್ಲಿ ಅದರ ಹೊಟ್ಟೆಗೆ ಚೀಸ್ ತುಂಬಿ, ಕರಿಯದೆ ಓವನ್ನಿನಲ್ಲಿ ಬೇಯಿಸಿದ್ದರು. ಕಚ್ಚಿದರೆ ಚೀಸು ಗಲ್ಲದವರೆಗೂ ಎಳೆಯಿತು. ಐದು ನಿಮಿಷ ಬಿಟ್ಟು ಕಚ್ಚಿದರೆ ರಬ್ಬರಾಗಿತ್ತು. ಮೆಣಸಿನಕಾಯಿಯ ಘಾಟನ್ನು ಹಾಲಿನ ಕೊಬ್ಬು ನುಂಗಿ ಹಾಕಿದ್ದರಿಂದ ಕಣ್ಣಂಚಿನಲ್ಲಿ ಬರಬೇಕಾದ ನೀರು ಬರಲಿಲ್ಲ. ಅಮೆರಿಕದ ಹೋಟೆಲುಗಳಲ್ಲಿ ಹಲಪೆನ್ಯೊ ಮೆಣಸಿನಕಾಯಿಗೆ ಹೀಗೆಯೇ ಚೀಸ್ ತುಂಬಿ ಕೊಡುವ ಪದ್ಧತಿಯಿದೆ. ಅಮೆರಿಕ ಖಂಡದಿಂದಲೇ ಪೋರ್ಚುಗೀಸರ ಹಡಗು ಹತ್ತಿ ನಮ್ಮಲ್ಲಿಗೆ ಬಂದು, ಬ್ಯಾಡಗಿಯನ್ನೇ ತವರೆಂದು ನಂಬಿಸಿದ ಮೆಣಸಿನಕಾಯಿ, ಹಳೆಯ ಊರಿನ ಹೊಸ ವೇಷದಲ್ಲಿ ಮರಳಿ ಬಂದದ್ದು ಚರಿತ್ರೆಯ ದೃಷ್ಟಿಯಿಂದ ಸ್ವಾರಸ್ಯಕರ. ತಿನ್ನುವುದಕ್ಕೆ ಮಾತ್ರ ಅಲ್ಲ.

ಹಳೆಯದೇ ಸರಿ, ಬದಲಾವಣೆಯೇ ಅಪಚಾರ ಎಂಬ ಪಕ್ಷ ನನ್ನದಲ್ಲ. ಮೆಣಸಿನಕಾಯಿ, ಟೊಮೆಟೊ ಎರಡೂ ಕಡಲು ದಾಟಿ ಬಂದವು. ಅವುಗಳನ್ನು ತೆಗೆದರೆ ಗಿರಮಿಟ್ಟಿನಲ್ಲಿ ಉಳಿಯುವುದು ನೈವೇದ್ಯಕ್ಕೆ ಇಡಬಹುದಾದಷ್ಟು ಸಪ್ಪೆ. ಒಂದೇ ಮಂಡಕ್ಕಿಯನ್ನು ಮಂಗಳೂರಿನವರು ತೆಂಗಿನೆಣ್ಣೆಯಲ್ಲೂ ಮಾವಿನಕಾಯಿ ಹೋಳಿನಲ್ಲೂ ಕಲಸಿ ಚರ್ಮುರಿ ಎನ್ನುತ್ತಾರೆ, ಕೋಲ್ಕತ್ತದವರು ಮೂಗಿಗೆ ಹತ್ತುವ ಸಾಸಿವೆ ಎಣ್ಣೆ ಹಾಕಿ ಝಾಲ್‌ಮುಡಿ ಮಾಡುತ್ತಾರೆ. ಆ ಝಾಲ್‌ಮುಡಿಯನ್ನು ಕೋಲ್ಕತ್ತದ ಬೀದಿಯಲ್ಲಿ ಕಂಡು ಮೆಚ್ಚಿದ ಆಂಗಸ್ ಡೆನೂನ್ ಎಂಬ ಇಂಗ್ಲಿಷ್ ಬಾಣಸಿಗ ಲಂಡನ್ನಿನ ರಸ್ತೆಗಳಲ್ಲಿ ಅದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಮಾರಿ ಹೆಸರಾದ. ಆತ ಬದಲಿಸಿದ್ದು ಊರನ್ನು; ಕೈಯಲ್ಲಿ ಡಬ್ಬಿ ಹಿಡಿದು, ಗಿರಾಕಿಯ ಎದುರೇ ಕುಲುಕಿ ಕಲಸಿ, ಆ ಕ್ಷಣವೇ ಕೈಗೆ ಕೊಡುವ ಕ್ರಮವನ್ನಲ್ಲ.

ಬೌಲ್ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಮಂಡಕ್ಕಿ ನೀರು ಕುಡಿದು ಕುಸಿಯತೊಡಗಿತ್ತು. ಅರಳು ಹೋರಾಡುತ್ತಿತ್ತು, ತಳದಲ್ಲಿ ಗೊಜ್ಜು ನಿಂತಿತ್ತು. ಹಲಗೆಯನ್ನು ಮತ್ತೊಮ್ಮೆ ನೋಡಿದೆ: ಸೇವು ಇತ್ತು, ದಾಳಿಂಬೆ ಕಾಳಿತ್ತು, ಮೈಕ್ರೋಗ್ರೀನ್ಸ್ ಎಂಬ ಎಳೆ ಸೊಪ್ಪಿತ್ತು, ಪುಟಾಣಿ ಹಿಟ್ಟಿನ ಜಾಗದಲ್ಲಿ ಹುರಿದ ಬಾದಾಮಿಯ ಪುಡಿಯಿತ್ತು. ಬಾದಾಮಿ ಶ್ರೀಮಂತ, ಆದರೆ ತನ್ನೊಳಗೇ ಎಣ್ಣೆ ತುಂಬಿಕೊಂಡ ಅದಕ್ಕೆ ಬೇರೆಯವರ ನೀರು ಹೀರುವ ಕೆಲಸ ಹೇಗೆ ಬರಬೇಕು? ಹುಡುಗನನ್ನು ಕರೆದು ಪುಟಾಣಿ ಹಿಟ್ಟು ಇದೆಯೇ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹುರಿಗಡಲೆ ಎಂದೆ. ದೋಸೆಯ ಚಟ್ನಿಗೆ ಬೇಕಾಗುವುದರಿಂದ ಅದು ಅಡುಗೆಮನೆಯಲ್ಲಿ ಡಬ್ಬಿಗಟ್ಟಲೆ ಇತ್ತು. ಪುಡಿಮಾಡಿಸಿಕೊಂಡು ಬರುವಾಗ ಅವನ ಹಿಂದೆಯೇ ಶೆಫ್ ಕೂಡ ಬಂದರು. ರಾಣೇಬೆನ್ನೂರಿನ ಕಡೆಯ ತರುಣ. ನನಗಿಂತ ಚೆನ್ನಾಗಿ ಗಿರಮಿಟ್ಟು ಬಲ್ಲವರು.

“ಹಿಟ್ಟು ಮೊದ್ಲು ಹಾಕ್ತಿದ್ವಿ ಸರ್, ಆದ್ರ ಫೋಟೊದಾಗ ಛಂದ ಬರೂದಿಲ್ಲ” ಎಂದರು. ಹಿಟ್ಟು ಬಿದ್ದ ಕೂಡಲೇ ಗೊಜ್ಜಿನ ಹೊಳಪು ಹೋಗಿ ಇಡೀ ಬಟ್ಟಲು ಧೂಳು ಹಿಡಿದಂತೆ ಮಬ್ಬಾಗುತ್ತದಂತೆ. ದಾಳಿಂಬೆಯ ಕೆಂಪು ಕಾಣಿಸುವುದಿಲ್ಲ. ಗಿರಾಕಿಗಳು ತಿನ್ನುವ ಮೊದಲು ಚಿತ್ರ ತೆಗೆಯುತ್ತಾರೆ, ಆ ಚಿತ್ರ ನೋಡಿಯೇ ಮುಂದಿನ ಗಿರಾಕಿಗಳು ಬರುತ್ತಾರೆ. ಅವರ ಕಷ್ಟ ನನಗೆ ಅರ್ಥವಾಯಿತು. ಚಿತ್ರ ತೆಗೆದು ಮುಗಿದ ಮೇಲೆ ಉದುರಿಸಿಕೊಳ್ಳಲೆಂದು ಹಿಟ್ಟನ್ನು ಪುಟ್ಟ ಡಬ್ಬಿಯಲ್ಲಿ ಮೇಜಿನ ಮೇಲಿಟ್ಟರಾಯಿತಲ್ಲ ಎಂದೆ, ನೋಡೋಣ ಎಂದರು. ತಂದ ಹಿಟ್ಟನ್ನು ಸ್ನೇಹಿತರ ಬಟ್ಟಲಿಗೂ ನನ್ನದಕ್ಕೂ ಅವರೇ ಉದುರಿಸಿ, ಹುಡುಗನ ಕೈಯಿಂದ ಚಮಚಗಳನ್ನು ತೆಗೆದಿಟ್ಟು, ನಮ್ಮ ಅನುಮತಿ ಕೇಳಿ ಬಟ್ಟಲನ್ನು ತಿರುಗಿಸುತ್ತ ಕೈಯಿಂದಲೇ ಎತ್ತಿ ಎತ್ತಿ ಕಲಸಿದರು. ತಳದ ಗೊಜ್ಜು ಕಾಣದಾಯಿತು, ಕಾಳುಗಳು ಬಿಡಿಬಿಡಿಯಾದವು. ಮೈಸೂರಿನ ಸ್ನೇಹಿತರು ಅಲ್ಲಿಯವರೆಗೆ ಬೀರುತ್ತಿದ್ದ ನಗೆಯನ್ನು ನಿಲ್ಲಿಸಿ ಇನ್ನೊಂದು ಬೌಲ್ ಹೇಳಿದರು, ಹಿಟ್ಟು ಮೊದಲೇ ಬರಲಿ ಎಂಬ ಸೂಚನೆಯೊಂದಿಗೆ.

ಬಿಲ್ಲಿನಲ್ಲಿ ಎರಡು ಬಾರಿಯ ಆ ಹಿಟ್ಟು ‘ಎಕ್ಸ್‌ಟ್ರಾ ಟಾಪಿಂಗ್’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ನಮೂದಾಗಿತ್ತು. ಆ ದುಡ್ಡಿಗೆ ದುರ್ಗದ ಬೈಲಿನಲ್ಲಿ ಹಿಟ್ಟೂ ಬರುತ್ತದೆ, ಅದು ಮೆತ್ತಿಕೊಂಡ ಗಿರಮಿಟ್ಟೂ ಬರುತ್ತದೆ, ಚೀಸಿಲ್ಲದ ಮಿರ್ಚಿಯೂ ಬಂದೀತು.