‘ಕೋಣೆ’ಯ ಜಾಗದಲ್ಲಿ ‘ತಂಗಿ’

ಲೇಖನ ಚೆನ್ನಾಗಿದೆ. ಆದರೆ ಹಳೆಯ ಒಪೆರಾಗಳ (ಹಾಡಿನಲ್ಲೇ ನಡೆಯುವ ನಾಟಕಗಳ) ಪರಿಷ್ಕೃತ ಆವೃತ್ತಿಗಳು, ಅಂದರೆ ಸಂಯೋಜಕರ ಕೈಬರಹ ನೋಡಿ ತಿದ್ದಿದ ಪ್ರತಿಗಳು, ಗಾಯಕರ ಕೈ ಕಟ್ಟಿಹಾಕುತ್ತವೆ ಅನ್ನೋ ನಿಮ್ಮ ಮಾತು ಒಪ್ಪಲಾಗಲಿಲ್ಲ.

ಇಟಲಿಯ ಸಂಯೋಜಕ ವೆರ್ಡಿಯ ಒಪೆರಾ ‘ರಿಗೊಲೆಟ್ಟೊ’ ನೋಡಿ. 1851ರಲ್ಲಿ ವೆನಿಸ್‌ನಲ್ಲಿ ಮೊದಲು ಆಡಿದ್ದು. ಮೂರನೇ ಅಂಕದಲ್ಲಿ ಡ್ಯೂಕ್ (ಆ ಊರಿನ ದೊರೆ) ಬಾಡಿಗೆ ಕೊಲೆಗಾರ ಸ್ಪಾರಾಫುಚಿಲೆಯ ಹೆಂಡದಂಗಡಿಗೆ ಬಂದು ‘ಒಂದು ಕೋಣೆ, ಸ್ವಲ್ಪ ವೈನ್’ ಅಂತ ಕೇಳುತ್ತಾನೆ. ಬಹಳ ಕಾಲ ಹೀಗೇ ಹಾಡಿದರು. ವೆರ್ಡಿಯ ಕೈಬರಹದಲ್ಲಿ ಇರುವುದೇ ಬೇರೆ: ‘ನಿನ್ನ ತಂಗಿ, ಸ್ವಲ್ಪ ವೈನ್’! ಸೆನ್ಸಾರ್ ಕಾಟಕ್ಕೆ ತಂಗಿ ಹೋಗಿ ಕೋಣೆ ಬಂತು. ಮಾರ್ಟಿನ್ ಚೂಸಿಡ್ ಸಂಪಾದಿಸಿದ 1983ರ ಆವೃತ್ತಿ ಆ ತಂಗಿಯನ್ನು ವಾಪಸ್ ಕರೆತಂತು. ಡ್ಯೂಕ್ ಎಂಥ ಆಸಾಮಿ ಅಂತ ಆ ಒಂದು ಪದದಲ್ಲೇ ಗೊತ್ತಾಗುತ್ತದೆ, ಅಲ್ವಾ? ಇದರಲ್ಲಿ ಗಾಯಕನಿಗೆ ಸಿಕ್ಕಿದ್ದೇ ಜಾಸ್ತಿ.

ಇನ್ನು ವೆರ್ಡಿಯದೇ ಇನ್ನೊಂದು ಒಪೆರಾ ‘ಇಲ್ ತ್ರೊವಾತೊರೆ’ಯ ‘ದಿ ಕ್ವೆಲ್ಲಾ ಪೀರಾ’ ಹಾಡಿನ ಆ ಫೇಮಸ್ ಹೈ ಸಿ, ಅಂದರೆ ಗಾಯಕ ಮುಟ್ಟುವ ಆ ತುಂಬಾ ಎತ್ತರದ ಸ್ವರ. ವೆರ್ಡಿ ಅದನ್ನು ಬರೆದೇ ಇಲ್ಲ. ಹಾಗಂತ ಹಾಡಬಾರದು ಅಂತ ಯಾರೂ ಬೋರ್ಡ್ ಹಾಕಿಲ್ಲ. ಯಾವುದು ಅವನದು, ಯಾವುದು ಆಮೇಲೆ ಸೇರಿಕೊಂಡದ್ದು ಅಂತ ತಿಳಿದು ಹಾಡಲಿ, ಅಷ್ಟೇ. ನನಗಂತೂ ಆ ಸ್ವರ ಇಲ್ಲದಿದ್ದರೆ ಉಪ್ಪಿಲ್ಲದ ಸಾರು ಉಂಡ ಹಾಗೆ!