ಹದ ಹೇಳುವ ಪುಸ್ತಕ ಕೊಡಿ

ಕರ್ನಾಟಕದಿಂದ ದೂರ ಇರುವ ನನ್ನ ಕಪಾಟಿನಲ್ಲಿ ಕನ್ನಡದ ಅಡುಗೆ ಪುಸ್ತಕಗಳೂ ಇವೆ, ಇಲ್ಲಿ ಕೊಂಡ ಇಂಗ್ಲಿಷ್ ಪುಸ್ತಕಗಳೂ ಇವೆ. ಸಕ್ಕರೆ ಪಾಕದ ಪುಟ ಎರಡರಲ್ಲೂ ಸಿಗುತ್ತದೆ. ಕನ್ನಡದ್ದು ಒಂದೇ ಸಾಲಿನಲ್ಲಿ ಮುಗಿಸುತ್ತದೆ: ಒಂದೆಳೆ ಪಾಕ ಬಂದ ಕೂಡಲೇ ಇಳಿಸಿ. ಇಂಗ್ಲಿಷಿನದ್ದಕ್ಕೂ ಒಂದೇ ಸಾಲು ಸಾಕು: ಥರ್ಮಾಮೀಟರ್ 110 ಡಿಗ್ರಿ ತೋರಿಸಿದಾಗ ಇಳಿಸಿ.

ಮೊದಲನೆಯದನ್ನು ಓದಿದ ಹೊಸಬರಿಗೆ ಆ ಎಳೆಯನ್ನು ಎಲ್ಲಿ ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ. ಒಂದು ಹನಿಯನ್ನು ತಟ್ಟೆಗೆ ಬಿಟ್ಟು, ಸ್ವಲ್ಪ ಆರಿದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಅಗಲಿಸಿದರೆ ನಡುವೆ ಕೂದಲಿನಂಥ ಒಂದು ಎಳೆ ನಿಲ್ಲಬೇಕು. ಇಷ್ಟನ್ನು ಯಾರೂ ಬರೆದಿರುವುದಿಲ್ಲ. ಎರಡನೆಯದಕ್ಕೆ ಬೇರೆ ತೊಂದರೆ. ಸಮುದ್ರ ಮಟ್ಟದಿಂದ 1500 ಮೀಟರ್ ಮೇಲಿನ ಊರಲ್ಲಿ ನೀರು ಕುದಿಯುವುದೇ ಸುಮಾರು 95 ಡಿಗ್ರಿಗೆ. ಅಲ್ಲಿ 110 ಬರುವವರೆಗೆ ಕಾದರೆ ಪಾಕ ಒಂದೆಳೆ ದಾಟಿ ಗಟ್ಟಿಯಾಗಿರುತ್ತದೆ. ಬೆರಳಿಗೆ ಸಿಗುವ ಎಳೆ ಮಾತ್ರ ಎಷ್ಟೇ ಎತ್ತರಕ್ಕೆ ಹೋದರೂ ಅದೇ ಎಳೆ.

ಕೈಕೆಲಸ, ಅಡುಗೆ, ಹಳ್ಳಿ ಬದುಕಿನ ಪುಸ್ತಕವನ್ನು ಯಾರಿಗಾದರೂ ಕೊಡುವ ಮುಂಚೆ ನಾನು ಈಗ ಹುಡುಕುವುದು ಇದನ್ನೇ. ಅಳತೆಯ ಜೊತೆಗೆ ಹದವನ್ನೂ ಹೇಳಿದೆಯಾ? ಹಿಟ್ಟಿಗೂ ಹದ, ಮಣ್ಣಿಗೂ ಹದ, ಚರ್ಮವನ್ನೂ ಹದ ಮಾಡುತ್ತೇವೆ. ಇಷ್ಟೆಲ್ಲ ಕೆಲಸಕ್ಕೆ ಒಂದೇ ಮಾತು ಇಟ್ಟುಕೊಂಡ ಭಾಷೆ ನಮ್ಮದು. ಆದರೆ ಪುಸ್ತಕ ಬರೆಯುವಾಗ 'ಹದವಾಗಿ ಕಲಸಿ' ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತೇವೆ. ಓದುವವರ ಪಕ್ಕದಲ್ಲಿ ತಿಳಿದವರು ಒಬ್ಬರು ನಿಂತಿರುತ್ತಾರೆ ಅನ್ನುವ ನಂಬಿಕೆ ಅದು. ಊರು ಬಿಟ್ಟವರ ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲ.

ಅಳತೆ ಹೇಳುವ ಇಂಗ್ಲಿಷ್ ಪುಸ್ತಕಗಳ ದಾರಿಗೆ ಅದರದೇ ಚರಿತ್ರೆ ಇದೆ. 1896ರಲ್ಲಿ ಅಮೆರಿಕದ ಬಾಸ್ಟನ್ನಿನ ಫ್ಯಾನಿ ಫಾರ್ಮರ್ ತಮ್ಮ ಅಡುಗೆ ಪುಸ್ತಕದಲ್ಲಿ, ಅಳತೆಯ ಕಪ್‌ಗಳನ್ನೂ ಚಮಚಗಳನ್ನೂ ತುಂಬಿ ಮೇಲೆ ಚಾಕುವಿನಿಂದ ಸವರಿ ಅಳೆಯಬೇಕು ಅಂತ ಪಟ್ಟು ಹಿಡಿದರು. ಹೇಳಿಕೊಡುವವರಿಲ್ಲದ ಹೊಸಬರಿಗೆ ಅದು ನಿಜವಾಗಲೂ ದೊಡ್ಡ ಉಪಕಾರ. ನಾನೂ ಹಾಗೇ ಕಲಿತವನು, ಅದಕ್ಕೆ ಋಣಿ. ಆದರೂ ಅಳತೆಯ ಮಾತು ಅಷ್ಟು ಸರಳ ಅಲ್ಲ. ಅಮೆರಿಕದ ಅಳತೆ ಕಪ್ ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250. ದೊಡ್ಡ ಚಮಚ ಬಹಳ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ದ್ರವ ಅಳೆಯುವ ಪೈಂಟ್ ಬ್ರಿಟನ್ನಿನದ್ದು 568 ಮಿಲಿಲೀಟರ್, ಅಮೆರಿಕದ್ದು 473. ಅದಕ್ಕೇ ಗ್ರಾಂ ಲೆಕ್ಕ ಕೊಟ್ಟಿರುವ ಪುಸ್ತಕವೇ ವಾಸಿ, ಅದು ಯಾವ ದೇಶಕ್ಕೆ ಹೋದರೂ ಬದಲಾಗಲ್ಲ.

ಕೈಕೆಲಸದ ಪುಸ್ತಕಗಳಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. ಬುಟ್ಟಿ ಹೆಣೆಯೋದು ಕಲಿಯಬೇಕು ಅಂತ ಆಸೆಪಟ್ಟಿದ್ದ ಸಹೋದ್ಯೋಗಿಗೆ ಭಾರೀ ಗಾತ್ರದ, ನುಣುಪು ಹಾಳೆಯ ಪುಸ್ತಕ ಕೊಟ್ಟೆ. ಚಿತ್ರಗಳು ಕಣ್ಣಿಗೆ ಹಬ್ಬ. ಅವರು ತಳ ಕಟ್ಟಿ, ಕಡ್ಡಿ ನಿಲ್ಲಿಸಿ, ಹೆಣಿಗೆ ಶುರು ಮಾಡಿದರು. ಎರಡನೇ ಸುತ್ತು ಮೊದಲ ಸುತ್ತಿನ ಮೇಲೇ ಕೂತಿತು. ಒಳಗೆ ಹೋದ ಕಡೆಯೇ ಮತ್ತೆ ಒಳಗೆ, ಹೊರಗೆ ಬಂದ ಕಡೆಯೇ ಮತ್ತೆ ಹೊರಗೆ. ಬುಟ್ಟಿ ಹಿಡಿತಕ್ಕೇ ಬರಲಿಲ್ಲ. ಕಾರಣ ಇಷ್ಟೇ: ಒಂದೇ ಎಳೆಯಲ್ಲಿ ಒಳಗೊಮ್ಮೆ ಹೊರಗೊಮ್ಮೆ ಹೆಣೆಯುವಾಗ ನಿಂತ ಕಡ್ಡಿಗಳ ಸಂಖ್ಯೆ ಬೆಸ ಆಗಿರಬೇಕು. ಆಗ ಮಾತ್ರ ಪ್ರತಿ ಸುತ್ತಿಗೂ ಹೆಣಿಗೆ ತಾನೇ ಅದಲುಬದಲಾಗುತ್ತದೆ. ಆ ಪುಸ್ತಕದಲ್ಲಿ ಎಲ್ಲ ಚಿತ್ರವೂ ಮುಗಿದ ಬುಟ್ಟಿಯದ್ದು. ಅವರು ನನಗೆ ಏನೂ ಅನ್ನಲಿಲ್ಲ, ಪುಸ್ತಕ ಕಪಾಟು ಸೇರಿತು. ನನಗೆ ಇವತ್ತಿಗೂ ಬೇಜಾರಿದೆ.

ಅಂದಿನಿಂದ ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಕೆಟ್ಟುಹೋದ ಕೆಲಸದ ಪುಟ. ಬಟ್ಟೆಗೆ ನೀಲಿ (ಇಂಡಿಗೊ) ಬಣ್ಣ ಹಾಕುವ ಬಗ್ಗೆ ಇರುವ ಪುಸ್ತಕ ಅಂದುಕೊಳ್ಳಿ. ಬಣ್ಣದ ತೊಟ್ಟಿಯಿಂದ ಬಟ್ಟೆ ಎತ್ತಿದಾಗ ಅದು ನೀಲಿ ಇರುವುದಿಲ್ಲ, ಹಳದಿ ಕಲೆತ ಹಸಿರಾಗಿರುತ್ತದೆ. ಗಾಳಿ ತಾಗುತ್ತಾ ಹೋದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಇದು ಗೊತ್ತಿಲ್ಲದವರು ಕೆಲಸ ಕೆಟ್ಟಿತು ಅಂತ ಗಾಬರಿಯಾಗುತ್ತಾರೆ. ಅದೇ ತೊಟ್ಟಿಯ ಒಳಗಿನ ನೀರೇ ಪೂರ್ತಿ ನೀಲಿಯಾಗಿದ್ದರೆ ನಿಜವಾಗಲೂ ಕೆಟ್ಟಿದೆ, ಒಳಗೆ ಗಾಳಿ ಸೇರಿದೆ ಅಂತ ಅರ್ಥ. ಇವೆರಡನ್ನೂ ಬರೆದಿರುವ ಪುಸ್ತಕ ಬರೆದವರು ತೊಟ್ಟಿಗೆ ಕೈ ಹಾಕಿದವರು.

ಕಸ ಕೊಳೆಸಿ ಮಾಡುವ ಗೊಬ್ಬರದ ವಿಷಯವೂ ಹೀಗೇ. ತೇವಾಂಶ 50ರಿಂದ 60 ಶೇಕಡಾ ಇರಲಿ ಅಂತ ಬರೆದರೆ ಹಿತ್ತಲಲ್ಲಿ ನಿಂತವರು ಏನು ಮಾಡಬೇಕು? ಒಂದು ಹಿಡಿ ತಗೊಂಡು ಬಿಗಿಯಾಗಿ ಹಿಂಡಿ, ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸಾಕು ಅಂತ ಬರೆಯಬೇಕು. ಶೇಕಡಾ ಲೆಕ್ಕವೂ ಅದರ ಪಕ್ಕದಲ್ಲಿ ಇರಲಿ, ಬೇಡ ಅನ್ನುವುದಿಲ್ಲ.

ಒಂದು ಕಡೆ ಮಾತ್ರ ಹದವನ್ನು ನಂಬಬೇಡಿ. ಸೀಸೆಯಲ್ಲಿ ಮುಚ್ಚಿ ತಿಂಗಳುಗಟ್ಟಲೆ ಇಡುವ ತರಕಾರಿ, ಮಾಂಸದ ಪುಸ್ತಕಗಳಿವೆಯಲ್ಲ, ಅಲ್ಲಿ ಅಳತೆಯೇ ದೊಡ್ಡದು. ಹುಳಿ ಕಡಿಮೆ ಇರುವ, ಅಂದರೆ ಹುಳಿ ಅಳೆಯುವ ಪಿಎಚ್ 4.6ಕ್ಕಿಂತ ಜಾಸ್ತಿ ಇರುವ ಪದಾರ್ಥದಲ್ಲಿ ಬಾಟ್ಯುಲಿಸಂ ಅನ್ನುವ ವಿಷಬಾಧೆ ತರುವ ರೋಗಾಣುವಿನ ಬೀಜಕಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಒತ್ತಡದ ಪಾತ್ರೆಯಲ್ಲಿ 116ರಿಂದ 121 ಡಿಗ್ರಿವರೆಗೆ ಬಿಸಿ ಮಾಡಬೇಕು. ಆ ರೋಗಾಣು ಉಂಟುಮಾಡುವ ವಿಷ ಕಣ್ಣಿಗೆ ಕಾಣದೆ, ಮೂಗಿಗೆ ಸಿಗದೆ ಇರಬಹುದು. ಹಳೇ ಪುಸ್ತಕಗಳಲ್ಲಿ ಸೀಸೆಗಳನ್ನು ಗಂಟೆಗಟ್ಟಲೆ ಕುದಿಸಿದರೆ ಆಯ್ತು ಅಂತ ಇರುತ್ತದೆ. ಹಳೇ ರಟ್ಟಿನ ಚೆಂದ ನೋಡಿ ಇಂಥದ್ದನ್ನು ಉಡುಗೊರೆ ಕೊಡಲೇಬೇಡಿ. ಈ ವಿಷಯಕ್ಕೆ ಇತ್ತೀಚಿನ ಮುದ್ರಣವೇ ಬೇಕು.

ಎರಡು ದಾರಿಯೂ ಸೇರಿದ ಪುಸ್ತಕ ಇದೆಯಾ ಅಂದರೆ, ಇದೆ. 1966ರಲ್ಲಿ ಅಮೆರಿಕದ ಜಾರ್ಜಿಯಾದ ಬೆಟ್ಟಸೀಮೆಯಲ್ಲಿ ಹೈಸ್ಕೂಲು ಮಕ್ಕಳು ಫಾಕ್ಸ್‌ಫೈರ್ ಅನ್ನುವ ಪತ್ರಿಕೆ ಶುರು ಮಾಡಿದರು. ಮರದ ದಿಮ್ಮಿಯ ಮನೆ ಕಟ್ಟುವುದು, ಸೋಪು ಮಾಡುವುದು, ಇಂಥದ್ದನ್ನೆಲ್ಲ ಸುತ್ತಮುತ್ತಲಿನ ಹಿರಿಯರನ್ನು ಕೇಳಿ ಅವರ ಮಾತಿನಲ್ಲೇ ಬರೆದುಕೊಂಡರು. 1972ರಲ್ಲಿ ಅದು ಪುಸ್ತಕವಾಯಿತು. ನನಗೆ ಅದರಲ್ಲಿ ಹಿಡಿಸಿದ್ದು ಹಿರಿಯರ ಮಾತನ್ನು ತಿದ್ದದೆ ಇಟ್ಟಿದ್ದು. ತಿದ್ದಲು ಹೋದರೆ ಮೊದಲು ಹಾರಿಹೋಗುವುದೇ ಹದದ ಮಾತು. ನಮ್ಮ ಮಕ್ಕಳೂ ಕನ್ನಡದಲ್ಲಿ ಇಂಥ ಕೆಲಸ ಮಾಡಿದರೆ ನಾನು ಹತ್ತು ಪ್ರತಿ ಕೊಂಡು ಹಂಚುತ್ತೇನೆ.

ಇನ್ನು ಪುಸ್ತಕದ ಮೈಕಟ್ಟು. ಹಿಟ್ಟಿನ ಕೈಯಲ್ಲಿ ಪುಸ್ತಕ ಹಿಡಿದು ನಿಲ್ಲೋಕಾಗಲ್ಲ, ಅದು ತಾನೇ ತೆರೆದು ಮಲಗಿರಬೇಕು. ಬೆನ್ನನ್ನು ಮೇಲಿನಿಂದ ನೋಡಿ: ಮಡಿಸಿದ ಹಾಳೆಗಳ ಕಂತೆ ಕಂತೆ ಕಂಡು, ಕಂತೆಯ ನಡುವೆ ದಾರ ಕಂಡರೆ ಹೊಲಿಗೆ ಬೈಂಡಿಂಗ್. ಬರೀ ಅಂಟು ಹಾಕಿದ್ದು ಸಾಮಾನ್ಯವಾಗಿ ಪೂರ್ತಿ ತೆರೆದುಕೊಳ್ಳುವುದಿಲ್ಲ, ಒತ್ತಿದರೆ ಬೆನ್ನು ಸೀಳುತ್ತದೆ.

ಪಡೆಯುವವರು ಎಲ್ಲಿದ್ದಾರೆ ಅನ್ನುವುದನ್ನೂ ನೋಡಿ. ಭೂಮಧ್ಯ ರೇಖೆಯ ಉತ್ತರಕ್ಕೆ ಕೂತು ಬರೆದ ತಿಂಗಳವಾರು ತೋಟದ ಪುಸ್ತಕವನ್ನು ದಕ್ಷಿಣದವರಿಗೆ ಕೊಟ್ಟರೆ ಅವರು ಆರು ತಿಂಗಳು ಹಿಂದೆ ಮುಂದೆ ಲೆಕ್ಕ ಹಾಕುತ್ತಾ ಕೂರಬೇಕು.

ಮುಂದಿನ ವಾರ ಗೆಳೆಯನ ಮಗಳಿಗೆ ಒಂದು ಅಡುಗೆ ಪುಸ್ತಕ ಕೊಡುತ್ತಿದ್ದೇನೆ. ಮೊದಲ ಸಲ ಒಬ್ಬಳೇ ಮನೆ ಮಾಡುತ್ತಿದ್ದಾಳೆ. ಗ್ರಾಂ ಲೆಕ್ಕ ಇದೆ, ಹೊಲಿಗೆ ಬೈಂಡಿಂಗ್, ಕೆಟ್ಟರೆ ಏನು ಮಾಡಬೇಕು ಅನ್ನುವ ಪುಟಗಳೂ ಇವೆ. ಪಾಕದ ಪುಟದಲ್ಲಿ ಮಾತ್ರ 110 ಡಿಗ್ರಿ ಅಂತಷ್ಟೇ ಇತ್ತು. ಅದರ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ: 'ಹನಿಯನ್ನು ತಟ್ಟೆಗೆ ಬಿಡು ಪುಟ್ಟಿ, ಆರಲಿ. ಆಮೇಲೆ ಎರಡು ಬೆರಳಲ್ಲಿ ಹಿಡಿದು ಎಳೆ ನೋಡು.'